ಬೂದಿಯೊಳಗಿನ ಕಾಣದ ವಿಷ



ಬೂದಿ ಲಾರಿ ಓಡಾಡುವ ರಸ್ತೆ ಬದಿಯ ಬೇವಿನ ಎಲೆಯನ್ನು ಬೇಸಿಗೆಯಲ್ಲಿ ಬೆರಳಿಂದ ಒರೆಸಿ ನೋಡಿರಿ. ಬೆರಳಿಗೆ ಬೂದುಬಣ್ಣ ಹತ್ತುತ್ತದೆ. "ಅದೇನ್ ದೊಡ್ಡದು, ಧೂಳಲ್ಲ?" ಅಂತ ನಾವು ಕೈ ಝಾಡಿಸಿ ಬಿಡ್ತೀವಿ. ಆ ಧೂಳಿನಲ್ಲಿ ಏನಿರುತ್ತದೆ ಎಂಬುದೇ ಈ ತಿಂಗಳ ಪಾಠ.

ಭಾರಲೋಹ ಎಂದರೇನು?

ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಇಂಥವನ್ನು ಭಾರಲೋಹಗಳು ಎನ್ನುತ್ತಾರೆ. ಇವು ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಕಲ್ಲಿದ್ದಲಿನಲ್ಲಿ ಇವು ಬಹಳ ಸ್ವಲ್ಪ ಇರುತ್ತವೆ. ಆದರೆ ಹಾಲು ಬತ್ತಿಸಿದರೆ ಖೋವಾ ಗಟ್ಟಿಯಾಗುವ ಹಾಗೆ, ಕಲ್ಲಿದ್ದಲು ಉರಿದ ಮೇಲೆ ಉಳಿದ ಬೂದಿಯಲ್ಲಿ ಇವುಗಳ ಪ್ರಮಾಣ ಹೆಚ್ಚಾಗುತ್ತದೆ. ಪಾದರಸ ಮಾತ್ರ ಬಹುಪಾಲು ಆವಿಯಾಗಿ ಹೊಗೆಯ ಸಂಗಡ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ

ಕೃಷ್ಣಾ ನದಿ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಕೇಂದ್ರ 1985ರಲ್ಲಿ ಶುರುವಾಯಿತು. ಎಂಟು ಘಟಕ ಸೇರಿ ಅದನ್ನು 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಕಟ್ಟಲಾಯಿತು. ಆಮೇಲೆ ರಾಯಚೂರು ನಗರದ ಹತ್ತಿರ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕ ಬಂದವು. ಇದರಿಂದ ರಾಜ್ಯಕ್ಕೆ ಬೆಳಕು, ನಮ್ಮ ಜನಕ್ಕೆ ಕೆಲಸ ಸಿಕ್ಕಿದ್ದು ಖರೆ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ: ನೂರು ಕಿಲೋ ಸುಟ್ಟರೆ ಮೂವತ್ತು ನಲವತ್ತು ಕಿಲೋ ಬೂದಿ. ಚಿಮಣಿಯ ಯಂತ್ರ ಸರಿಯಾಗಿ ನಡೆದರೆ ಹಾರುಬೂದಿಯ ಬಹುಪಾಲು ಹಿಡಿಯುತ್ತದೆ. ಹಿಡಿದ ಬೂದಿ ಹೊಂಡದಲ್ಲಿ ಒಣಗಿದಾಗ, ಲಾರಿಗೆ ತಾಡಪತ್ರಿ ಹೊದಿಸದಿದ್ದಾಗ ಮತ್ತೆ ಗಾಳಿಗೆ ಏಳುತ್ತದೆ.

ಎಲ್ಲಾ ಬೂದಿಯೂ ಒಂದೇ ಸಮ ವಿಷವಲ್ಲ. ಎಷ್ಟಿದೆ ಎಂದು ಪರೀಕ್ಷೆಯೇ ಹೇಳಬೇಕು.

ಮರ ಹೇಳುವ ಸಾಕ್ಷಿ

ನಗರದ ಹತ್ತಿರದ ಕಾಡು ಜರಡಿ ಇದ್ದ ಹಾಗೆ. ಎಲೆ ಧೂಳು ಹಿಡಿಯುತ್ತದೆ, ಮಳೆ ತೊಳೆಯುತ್ತದೆ, ಎಲೆ ಉದುರುತ್ತದೆ, ಲೋಹ ಮೇಲ್ಮಣ್ಣಿನಲ್ಲಿ ವರ್ಷಗಟ್ಟಲೆ ಕೂಡುತ್ತದೆ. ಮರದ ಮೇಲಿನ ಹಸಿರು ಪಾಚಿಗೆ ನಿಜವಾದ ಬೇರಿಲ್ಲ. ಅದು ಗಾಳಿ, ಮಳೆಯಿಂದಲೇ ಬದುಕುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಅರಣ್ಯ ಇಲಾಖೆಯ ವಿಜ್ಞಾನಿಗಳು 2013ರಲ್ಲಿ ಮರಗಳ ಪಾಚಿಯ 346 ಮಾದರಿ ತಂದು ಪರೀಕ್ಷಿಸಿದರು. ಬಣ್ಣದ ಗಾಜಿನ ಕಾರ್ಖಾನೆಗಳ ಹತ್ತಿರ ಕ್ಯಾಡ್ಮಿಯಂ ಹೆಚ್ಚು ಸಿಕ್ಕಿತು. 2016ರಲ್ಲಿ ಸುದ್ದಿ ಹೊರಬಿದ್ದು, ಜನ ಕೇಳಿದ ಮೇಲೆ ಅಂಥ ಕಾರ್ಖಾನೆಗಳಿಗೆ ಹೊಸ ನಿಯಮ ಬಂತು. ನಮ್ಮ ಜಿಲ್ಲೆಯಲ್ಲಿ ಕಾಡೇ ಕಮ್ಮಿ, ಇರುವುದು ಕುರುಚಲು ಗುಡ್ಡ. ಆದ್ದರಿಂದ ಇರುವ ಪ್ರತಿ ಮರವೂ ಬೆಲೆಯುಳ್ಳದ್ದು.

ದೇಹಕ್ಕೆ ಏನು ಮಾಡುತ್ತದೆ?

ಸೀಸ ಮಕ್ಕಳ ಬುದ್ಧಿ ಬೆಳವಣಿಗೆ ಕೆಡಿಸುತ್ತದೆ, ರಕ್ತ ಕಡಿಮೆ ಮಾಡುತ್ತದೆ. ಬಸುರಿಯಿಂದ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟು ಸೀಸವಾದರೆ ಚಿಂತೆಯಿಲ್ಲ ಎಂಬ ಅಳತೆಯೇ ಇಲ್ಲ. ಕ್ಯಾಡ್ಮಿಯಂ ಮೂತ್ರಪಿಂಡ, ಎಲುಬು ಕೆಡಿಸುತ್ತದೆ. ಆರ್ಸೆನಿಕ್ ಚರ್ಮರೋಗ, ಕ್ಯಾನ್ಸರ್ ತರಬಲ್ಲದು. ಪಾದರಸ ನರಗಳಿಗೆ ಕೇಡು.

ನಾವೇನು ಮಾಡಬಹುದು?

1. ಮನೆ ಒಣ ಕಸಬರಿಗೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿರಿ. ನೀರಿನ ಕೊಡ, ಹಿಟ್ಟಿನ ಡಬ್ಬಿ ಮುಚ್ಚಿಡಿರಿ. ಮಕ್ಕಳಿಗೆ ಉಣ್ಣುವ ಮುಂಚೆ ಕೈ ತೊಳೆಸಿರಿ.
2. ರಸ್ತೆ ಬದಿಯ ಸೊಪ್ಪು ಕೀಳಬೇಡಿರಿ. ಸಂತೆಯ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ.
3. ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಿದ್ದ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ನುಗ್ಗೆಸೊಪ್ಪು, ರಾಗಿ, ಎಳ್ಳು, ಲಿಂಬೆಹಣ್ಣು ಊಟದಲ್ಲಿರಲಿ.
4. ಬೂದಿ ಇಟ್ಟಿಗೆ ಕೆಲಸಕ್ಕೆ ಹೋಗುವವರಿಗೆ ಸೆರಗು ಸಾಲದು. ಸಣ್ಣ ಬೂದಿ ಬಟ್ಟೆಯೊಳಗೆ ನುಸುಳುತ್ತದೆ. ಮಾಲೀಕರಿಂದ ಒಳ್ಳೆಯ ಮಾಸ್ಕ್ ಕೇಳಿರಿ. ಬೂದಿಗೆ ನೀರು ಹಾಕಿಯೇ ಕಲಸಿರಿ.
5. ಹಳೇ ಬ್ಯಾಟರಿ, ವೈರ್, ಟೈರ್ ಸುಡಬೇಡಿರಿ. ಈ ವಿಷ ದೇವದುರ್ಗ, ಮಾನ್ವಿಯ ಓಣಿಯಲ್ಲೂ ಹುಟ್ಟುತ್ತದೆ. ಅದಕ್ಕೆ ದೊಡ್ಡ ಚಿಮಣಿ ಬೇಕಿಲ್ಲ.
6. ಶಾಲೆ, ಅಂಗನವಾಡಿ ಸುತ್ತ ಬೇವು, ಹೊಂಗೆ ಸಾಲಾಗಿ ಹಚ್ಚಿರಿ. ಗಿಡ ಧೂಳು ತಡೆಯುತ್ತದೆ, ಆದರೆ ಧೂಳು ಏಳದಂತೆ ಮಾಡುವುದೇ ಮೊದಲ ಕೆಲಸ.

ಕೇಳುವ ಹಕ್ಕು

2009ರ ರಾಷ್ಟ್ರೀಯ ಮಾನದಂಡದಂತೆ ಗಾಳಿಯಲ್ಲಿನ ಸೀಸ, ಆರ್ಸೆನಿಕ್, ನಿಕ್ಕಲ್‌ಗಳಿಗೆ ಮಿತಿ ಇದೆ. ಪರೀಕ್ಷೆ ಮಾಡಿದ್ದಾರೋ, ಎಷ್ಟು ಬಂತು ಎಂದು ರಾಯಚೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಒಬ್ಬರ ಅರ್ಜಿ ಕಾಗದ. ಇಪ್ಪತ್ತು ಮಂದಿ ಕೂಡಿ ಗ್ರಾಮಸಭೆಯಲ್ಲಿ ಎದ್ದು ಕೇಳಿದರೆ ಅದು ಊರಿನ ಮಾತು.

ಸಭೆಯಲ್ಲಿ ಚರ್ಚಿಸಿರಿ

• ನಮ್ಮೂರಲ್ಲಿ ಧೂಳು, ಹೊಗೆ ಎಲ್ಲಿಂದ ಬರುತ್ತದೆ? ಯಾವ ತಿಂಗಳಲ್ಲಿ ಹೆಚ್ಚು?
• ಬೂದಿ ಕೆಲಸಕ್ಕೆ ಹೋಗುವ ಸದಸ್ಯರು ಎಷ್ಟು ಮಂದಿ? ಅವರಿಗೆ ಮಾಸ್ಕ್ ಸಿಕ್ಕಿದೆಯೇ?
• ಮುಂದಿನ ಗ್ರಾಮಸಭೆಯಲ್ಲಿ ಯಾರು ಮಾತಾಡಬೇಕು? ಹೆಸರು ಠರಾವು ಪುಸ್ತಕದಲ್ಲಿ ಬರೆಯಿರಿ.