ಕೃಷಿಯೂ ವಿದ್ಯಾರ್ಥಿಯೂ

'ಕೃಷಿ' ಎಂಬ ಪದವು 'ಕೃಷ್' ಎಂಬ ಧಾತುವಿನಿಂದ ಬಂದುದು; ಎಳೆಯುವುದು, ಉಳುವುದು ಎಂದು ಅದರರ್ಥ. 'ವಿದ್ಯಾರ್ಥಿ'ಯೆಂದರೆ ವಿದ್ಯೆಯನ್ನು ಬಯಸುವವನು. ಈ ಎರಡು ಪದಗಳು ಒಂದೇ ನೆಲದಲ್ಲಿ ಕೂಡಿರುವುದಕ್ಕೆ ನಮ್ಮ ಜಿಲ್ಲೆಯ ಕಾರೆಕೆರೆಯ ಕೃಷಿ ಮಹಾವಿದ್ಯಾಲಯವೇ ನಿದರ್ಶನ. 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಆರಂಭವಾದ ಈ ವಿದ್ಯಾಲಯದ ವಿದ್ಯಾರ್ಥಿಗಳು ತಾವೇ ಬೆಳೆಯಿಟ್ಟು ಕಲಿಯುತ್ತಾರೆ. ಕೊನೆಯ ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯಲ್ಲಿದ್ದು ರೈತನಿಂದಲೂ ಪಾಠ ಹೇಳಿಸಿಕೊಳ್ಳುತ್ತಾರೆ.

ಆ ಪಾಠದ ಸಾರವನ್ನು ಆನೇಮಹಲ್ಲಿನ ಕಾಫಿ ತೋಟಗಳಲ್ಲಿಯೂ ಕಾಣಬಹುದು. ಮಲೆಯ ಇಳಿಜಾರಿನಲ್ಲಿ ಮುಂಗಾರು ಮಳೆಯು ಬೋಳುನೆಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ನೆರಳಿಗೆಂದು ಬೆಳೆಸಿದ ಹಾಲುವಾಣದ ತರಗು ನೆಲವನ್ನು ಹೊದ್ದಿದ್ದರೆ ಮಳೆಹನಿಯ ಪೆಟ್ಟು ತಗ್ಗುತ್ತದೆ. ತರಗು ಕೊಳೆತು ಗೊಬ್ಬರವಾಗುತ್ತದೆ. ಆ ಮರದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸುವುದೇ ಬಾಳುವ ಬೇಸಾಯದ ಸೂತ್ರ.

ಆದರೆ ಶಾಲೆಗಳಲ್ಲಿ ತಪ್ಪು ಮಾಡಿದ ಹುಡುಗನ ಕೈಗೆ ಗುದ್ದಲಿ ಕೊಡುವ ರೂಢಿಯನ್ನು ಕಂಡಿದ್ದೇನೆ. ದುಡಿಮೆಯೇ ದಂಡನೆಯೆಂದು ಕಲಿತ ಬಾಲಕನು ತನ್ನ ತಂದೆಯ ಕಸುಬನ್ನೂ ಕೀಳೆಂದು ಎಣಿಸುವನಲ್ಲವೆ? 12ನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದರು; ಅದರ ಫಲವನ್ನು ಹಂಚುವುದನ್ನು ದಾಸೋಹವೆಂದರು. ಆದುದರಿಂದ ಮಠದ ಶಾಲೆಗಳಲ್ಲಿ ಪ್ರತಿಯೊಂದು ತರಗತಿಗೂ ಒಂದು ಮಡಿ ಇರಲಿ. ಹಾಕಿದ ಗೊಬ್ಬರ, ಬಿದ್ದ ಮಳೆ, ಬಂದ ಫಸಲು ಇವುಗಳ ಲೆಕ್ಕವನ್ನು ಮಕ್ಕಳೇ ಬರೆಯಲಿ. ಬೆಳೆದ ಸೊಪ್ಪು ತರಕಾರಿ ದಾಸೋಹದ ಮನೆಗೆ ಸಲ್ಲಲಿ. ತೋಟವುಳ್ಳ ಹಳೆಯ ವಿದ್ಯಾರ್ಥಿಗಳು, ದಾನಿಗಳು ಸಸಿಯನ್ನೂ ಸಗಣಿಗೊಬ್ಬರವನ್ನೂ ಕೊಟ್ಟು ನೆರವಾಗಲಿ. ಉಪಾಧ್ಯಾಯರಾದ ನಾವು ಮೊದಲು ಗುದ್ದಲಿ ಹಿಡಿಯೋಣ. ಮಕ್ಕಳು ತಾವಾಗಿ ಹಿಂಬಾಲಿಸುವರು.