ಸಾವಯವ ಗೋಧಿ, ರಾಸಾಯನಿಕ ಗೊಬ್ಬರದ ಗೋಧಿ: ಗುಣಮಟ್ಟ ಹೋಲಿಸುವ ಕ್ರಮ



ಕಳೆದ ಬೇಸಿಗೆಯಲ್ಲಿ ಸಂಘದ ಮಳಿಗೆಗೆ ಜೋಳ, ಗೋಧಿ ತರಲು ನಾವು ರಾಯಚೂರಿಗೆ ಹೋಗಿದ್ದೆವು. ಅಲ್ಲಿ ಎರಡು ಬಗೆಯ ಗೋಧಿ ಕೊಂಡೆವು. ಒಂದು, ದೇವದುರ್ಗದ ಕಡೆ ಎರೆ ಭೂಮಿಯಲ್ಲಿ ತಿಪ್ಪೆಗೊಬ್ಬರ ಮಾತ್ರ ಹಾಕಿ, ಒಂದೆರಡು ಬಾರಿ ಬಾವಿ ನೀರು ಕೊಟ್ಟು ಬೆಳೆದ ಜವೆ ಗೋಧಿ. ಇನ್ನೊಂದು, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಯೂರಿಯಾ, ಡಿ.ಎ.ಪಿ. ಹಾಕಿ ಬೆಳೆದ ಸಾಮಾನ್ಯ ಚಪಾತಿ ಗೋಧಿ. ಊರಿಗೆ ಬಂದು ಮೊದಲನೆಯದಕ್ಕೆ ಹೆಚ್ಚಿನ ದರ ಇಟ್ಟು, 'ಸಾವಯವ, ಹೆಚ್ಚು ಪೌಷ್ಟಿಕ' ಎಂದು ಹಲಗೆ ಬರೆಸಿದೆವು.

ಮೂರನೆಯ ದಿನ ಸದಸ್ಯರೊಬ್ಬರು, "ಹೆಚ್ಚು ಪೌಷ್ಟಿಕ ಅಂತ ಅಳೆದವರು ಯಾರು, ಸೆಕ್ರೆಟರಿಗಳೇ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹಲಗೆ ಇಳಿಸಿ, ವಿಷಯವನ್ನು ಓದಿ ನೋಡಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಮೊದಲ ತಪ್ಪು ಹೋಲಿಕೆಯಲ್ಲೇ ಇತ್ತು. ಜವೆ ಗೋಧಿ, ಅಂದರೆ ಖಪ್ಲಿ, ಹೊಟ್ಟು ಬಿಡದ ಬೇರೆಯೇ ಜಾತಿ. ಅದನ್ನು ಕುಟ್ಟಿ ಅಥವಾ ಗಿರಣಿಗೆ ಕೊಟ್ಟು ಹೊಟ್ಟು ತೆಗೆಸಬೇಕು. ಅದರ ರುಚಿ, ಬಣ್ಣ, ಹಿಟ್ಟಿನ ಗುಣ ಎಲ್ಲವೂ ತಳಿಯಿಂದ ಬಂದವು. ಅರೇಬಿಕಾ ಪಾರ್ಚ್‌ಮೆಂಟನ್ನೂ ರೊಬಸ್ಟಾ ಚೆರಿಯನ್ನೂ ಪಕ್ಕದಲ್ಲಿಟ್ಟು, ರುಚಿಯ ವ್ಯತ್ಯಾಸಕ್ಕೆ ಗೊಬ್ಬರವೇ ಕಾರಣ ಎಂದರೆ ನಾವು ನಗುತ್ತೇವೆ. ಗೋಧಿಯಲ್ಲಿ ನಾವೇ ಹಾಗೆ ಮಾಡಿದ್ದೆವು. ಹವೆಯ ಪಾಲೂ ಇದೆ. ಕಾಳು ತುಂಬುವ ಹೊತ್ತಿಗೆ ಬಿಸಿಲು ಏರಿದರೆ ಕಾಳು ಸಣಕಲಾಗುತ್ತದೆ. ಪಿಷ್ಟ ಕುಗ್ಗಿ, ಪ್ರೋಟೀನಿನ ಶೇಕಡಾವಾರು ಹೆಚ್ಚಿದಂತೆ ಕಾಣುತ್ತದೆ. ಆದ್ದರಿಂದ ಒಂದೇ ತಳಿ, ಒಂದೇ ನೆಲ, ಒಂದೇ ಹಂಗಾಮು ಇದ್ದರೆ ಮಾತ್ರ ಹೋಲಿಕೆ ನ್ಯಾಯವಾದದ್ದು.

ಅಂಥ ಹೋಲಿಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ನಡೆದಿದೆ. 1978ರಲ್ಲಿ ಆರಂಭವಾದ ಈ ಪ್ರಯೋಗದಲ್ಲಿ ಎರಡೂ ಪದ್ಧತಿಯ ತಾಕುಗಳು ಒಂದೇ ಹೊಲದಲ್ಲಿವೆ. 21 ವರ್ಷಗಳ ಗೋಧಿ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸಾವಯವದಲ್ಲಿ ಇಳುವರಿ ಶೇ. 14ರಷ್ಟು ಕಡಿಮೆ, ಪ್ರೋಟೀನು, ಖನಿಜಾಂಶ, ಬ್ರೆಡ್ಡಿನ ಗುಣಗಳಲ್ಲಿ ಪದ್ಧತಿಯಿಂದ ವ್ಯತ್ಯಾಸವಾಗಲಿಲ್ಲ. 2014ರಲ್ಲಿ ಬ್ರಿಟಿಷ್ ಪೌಷ್ಟಿಕ ವಿಜ್ಞಾನ ಪತ್ರಿಕೆಯೊಂದು ನಾನಾ ಬೆಳೆಗಳ 343 ಪ್ರಕಟಣೆಗಳ ಪರಿಶೀಲನೆಯನ್ನು ಅಚ್ಚು ಮಾಡಿತು. ಅದರಂತೆ ಸಾವಯವ ಬೆಳೆಗಳಲ್ಲಿ ಪ್ರೋಟೀನು ತುಸು ಕಡಿಮೆ, ಕ್ಯಾಡ್ಮಿಯಂ ಎಂಬ ವಿಷಲೋಹ ಸರಾಸರಿ ಶೇ. 48ರಷ್ಟು ಕಡಿಮೆ. ಕೀಟನಾಶಕದ ಉಳಿಕೆ ರಾಸಾಯನಿಕ ಪದ್ಧತಿಯ ಬೆಳೆಗಳಲ್ಲಿ ನಾಲ್ಕು ಪಟ್ಟು ಹೆಚ್ಚು ಸಲ ಕಂಡುಬಂದಿತು.

ಇದರಿಂದ ತಿಳಿಯುವುದಿಷ್ಟು: ಸಾವಯವದ ಲಾಭವನ್ನು ಮುಖ್ಯವಾಗಿ ಕಾಳಿನಲ್ಲಿ ಏನು ಉಳಿದಿಲ್ಲ ಎಂಬುದರಲ್ಲಿ ಹುಡುಕಬೇಕು. ಉಳಿಕೆ ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಪರೀಕ್ಷೆಯೇ ಆಗಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ.

ಮನೆಯಲ್ಲೂ ನೋಡಬಹುದಾದ ಗುಣಗಳಿವೆ:

1. ಒಂದೇ ಅಳತೆಯ ಸೇರಿನಲ್ಲಿ ಎರಡೂ ಗೋಧಿ ತುಂಬಿ ತೂಗಿರಿ. ತುಂಬಿದ ಕಾಳು ಹೆಚ್ಚು ತೂಗುತ್ತದೆ.

2. ಕಾಳನ್ನು ಕಚ್ಚಿರಿ. ಕಟಕ್ಕೆಂದು ಒಡೆಯಬೇಕು. ಮೆತ್ತಗಿದ್ದರೆ ತೇವ ಹೆಚ್ಚಿದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೂಸಲು, ನುಸಿ ತಪ್ಪದು.

3. 25 ಗ್ರಾಂ ಹಿಟ್ಟು ಕಲಸಿ ಅರ್ಧ ಗಂಟೆ ನೀರಿನಲ್ಲಿಟ್ಟು, ನೀರು ತಿಳಿಯಾಗುವವರೆಗೆ ಮೆಲ್ಲಗೆ ಹಿಸುಕಿ ತೊಳೆಯಿರಿ. ಕೈಯಲ್ಲಿ ಉಳಿಯುವ ರಬ್ಬರಿನಂಥ ಮುದ್ದೆಯೇ ಅಂಟು. ಅದು ಹೆಚ್ಚಿದ್ದು ಚೆನ್ನಾಗಿ ಎಳೆದರೆ ಚಪಾತಿ ಮೃದುವಾಗಿ ಬರುತ್ತದೆ. ಜವೆ ಗೋಧಿಯ ಅಂಟು ಬೇಗ ಹರಿಯುವುದು ಅದರ ಜಾತಿಗುಣ, ದೋಷವಲ್ಲ.

ಇನ್ನು ಕಾನೂನಿನ ಮಾತು. 2017ರ ಆಹಾರ ಸುರಕ್ಷತಾ ನಿಯಮದಂತೆ 'ಸಾವಯವ' ಎಂದು ಮಾರಲು ಎನ್.ಪಿ.ಓ.ಪಿ. ಅಥವಾ ಪಿ.ಜಿ.ಎಸ್. ಇಂಡಿಯಾ ಪ್ರಮಾಣೀಕರಣ ಬೇಕು. ಸಣ್ಣ ಬೆಳೆಗಾರ ತನ್ನ ಮಾಲನ್ನು ನೇರವಾಗಿ ಬಳಕೆದಾರನಿಗೆ ಮಾರಿದರೆ ವಿನಾಯಿತಿ ಉಂಟು. ದೇವದುರ್ಗದ ಆ ರೈತರ ಮಾತಿನಲ್ಲಿ ನಮಗೆ ನಂಬಿಕೆಯಿದೆ, ಆದರೆ ಅವರಲ್ಲಿ ಪ್ರಮಾಣಪತ್ರವಿಲ್ಲ, ಮಾರಿದವರು ನಾವು. ಆದ್ದರಿಂದ ಆ ಪದವನ್ನೂ ಅಳಿಸಿದೆವು. 'ಪೌಷ್ಟಿಕ' ಎಂಬ ಮಾತಿಗೆಂದು ಪಡೆದ ಹೆಚ್ಚಿನ ಹಣವನ್ನು ಕೊಂಡವರ ಖಾತೆಗೆ ಜಮಾ ಮಾಡಿದ್ದೇವೆ.

ಈಗ ಹಲಗೆಯ ಮೇಲೆ ಇಷ್ಟೇ ಇದೆ: 'ಜವೆ ಗೋಧಿ. ದೇವದುರ್ಗ. ತಿಪ್ಪೆಗೊಬ್ಬರದಲ್ಲಿ ಬೆಳೆದದ್ದೆಂದು ರೈತರ ಹೇಳಿಕೆ.'

ನಾಳೆ ನಮ್ಮ ಕಾಫಿ, ಅಡಿಕೆ, ಮೆಣಸನ್ನು ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಸಾವಯವ ಎಂದರೆ ಸಿಂಪರಣೆಯೇ ಇಲ್ಲವೆಂದಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಅಲ್ಲಿ ಮಿತಿಯೊಳಗೆ ಅವಕಾಶವಿದೆ. ಯಾವ ತೋಟಕ್ಕೆ, ಯಾವ ದಿನ, ಏನು, ಎಷ್ಟು ಎಂದು ಬರೆದಿಡುವ ಪುಸ್ತಕ ನಮ್ಮ ಪೈಕಿ ಎಷ್ಟು ಮನೆಗಳಲ್ಲಿದೆ? ಈ ಮಳೆಗಾಲದ ಮೊದಲ ಸಿಂಪರಣೆಯಿಂದಲೇ ಪ್ರತಿ ಸದಸ್ಯರೂ ಬರೆಯಲು ತೊಡಗಬೇಕೆಂದು ಕೋರುತ್ತೇವೆ.