ಒಂದು ಕೋಟಿಗೆ ಎಷ್ಟು ಡಬ್ಬಿ?

ಈಗಿನ 500 ರೂಪಾಯಿ ನೋಟಿನ ಉದ್ದ 150 ಮಿ.ಮೀ., ಅಗಲ 66 ಮಿ.ಮೀ., ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಮೂರನ್ನೂ ಗುಣಿಸಿದರೆ ಒಂದು ನೋಟಿಗೆ ಒಂದು ಘನ ಸೆಂಟಿಮೀಟರ್ ಜಾಗ. ಸಾವಿರ ನೋಟಿಗೆ, ಅಂದರೆ 5 ಲಕ್ಷಕ್ಕೆ, ಒಂದು ಲೀಟರ್. ಕೋಟಿಗೆ 20 ಲೀಟರ್. ಹಾಲಿನ ಅಳತೆಯಲ್ಲೇ ದುಡ್ಡಿನ ಅಂದಾಜು ಸಿಗುವುದು ಬರೀ ಕಾಕತಾಳೀಯ, ಆದರೆ ಬಲು ಉಪಯೋಗದ್ದು.

ಮೈಸೂರಿನ ಮುದ್ರಣಾಲಯದಿಂದ ಬಂದ ಗರಿಗರಿ ನೋಟಿಗೆ ಈ ಲೆಕ್ಕ ಸರಿ. ನೋಟಿನ ಕಾಗದ ಹತ್ತಿಯದು. ಬೆವರು, ಧೂಳು, ಮಡಿಕೆ ತಾಗಿದಷ್ಟೂ ಉಬ್ಬುತ್ತದೆ. ನೂರು ನೋಟುಗಳ ಹೊಸ ಕಟ್ಟು ಒಂದು ಸೆಂ.ಮೀ. ಇದ್ದರೆ, ಸಂತೆ ಸುತ್ತಿ ಬಂದದ್ದು ಒಂದೂವರೆ.

ಲಕ್ಷ್ಮೇಶ್ವರ ತಾಲ್ಲೂಕಿನ ಯಳವತ್ತಿಯಲ್ಲಿ ಈ ಅಂಕಣಕಾರನ ಮನೆಯ ಅಂದಾಜು ತಪ್ಪಿದ್ದು ನೋಟಿನ ಬೆಲೆಯಲ್ಲಿ. ಮೆಣಸಿನಕಾಯಿ ಪಟ್ಟಿಯ 2 ಲಕ್ಷ ತರಲು ಒಯ್ದದ್ದು ಊಟದ ಡಬ್ಬಿ ಹಿಡಿಸುವಷ್ಟು ಕೈಚೀಲ. 500ರ ನಾಲ್ಕು ಕಟ್ಟಿಗೆ ಅದು ಧಾರಾಳ. ದಲಾಲಿ ಅಂಗಡಿಯಲ್ಲಿ ಎಣಿಸಿ ಕೊಟ್ಟದ್ದು 100ರ ಇಪ್ಪತ್ತು ಕಟ್ಟು, ಅರ್ಧ ಹಳೆಯ ಅಳತೆಯವು. 157×73 ಮಿ.ಮೀ.ನ ಆ ನೋಟುಗಳ ಮೇಲೆ 142×66ರ ಹೊಸವನ್ನು ಪೇರಿಸಿದರೆ ರಾಶಿ ವಾಲುತ್ತದೆ. ಹದಿಮೂರು ಕಟ್ಟು ಚೀಲದಲ್ಲಿ, ಏಳು ಕಟ್ಟು ಹೆಗಲ ಟವೆಲ್ಲಿನ ಗಂಟಿನಲ್ಲಿ ಊರು ಸೇರಿದವು.

ತುಂಬುವ ಪಾತ್ರೆಯ ಆಕಾರವೂ ಜಾಗ ತಿನ್ನುತ್ತದೆ. ಮೇಲ್ಭಾಗ ಕತ್ತರಿಸಿ ಕಾಳು ತುಂಬಿಡುವ 15 ಕಿಲೋ ಎಣ್ಣೆ ಡಬ್ಬಿಯನ್ನೇ ಅದೇ ಮನೆಯಲ್ಲಿ ಅಳೆದಾಗ ಒಳಗೆ 23 ಸೆಂ.ಮೀ. ಚೌಕ, 34 ಸೆಂ.ಮೀ. ಎತ್ತರ ಬಂತು, ಹದಿನೆಂಟು ಲೀಟರ್. 500ರ ಕಟ್ಟುಗಳನ್ನು ಮೂರು ಪಕ್ಕಪಕ್ಕ, ನಾಲ್ಕನೆಯದನ್ನು ಅಡ್ಡ ಇಟ್ಟರೆ ಒಂದು ವರಸೆಗೆ ನಾಲ್ಕೇ ಹಿಡಿಯುತ್ತವೆ. ಕಾಲುಭಾಗ ಜಾಗ ಖಾಲಿ. ಹೊಸ ನೋಟಾದರೆ 34 ವರಸೆ, 68 ಲಕ್ಷ. ಹಳೆಯದಾದರೆ 22 ವರಸೆ, 44 ಲಕ್ಷ. ಬಳಸಿದ ನೋಟಿನ ಕೋಟಿಗೆ ಎರಡು ಡಬ್ಬಿ ತುಂಬಿ ಮೂರನೆಯದಕ್ಕೂ ಕೈ ಹಾಕಬೇಕು.

ಮುಖಬೆಲೆಯ ಪರಿಣಾಮ ಇದಕ್ಕಿಂತ ದೊಡ್ಡದು. 2016ರ ನವೆಂಬರ್ 8ರ ನೋಟು ರದ್ದತಿಯ ಬೆನ್ನಿಗೆ ಬಂದ 2,000 ರೂಪಾಯಿಯ ನೋಟಿನಲ್ಲಿ ಕೋಟಿಗೆ ಐದೂವರೆ ಲೀಟರ್ ಸಾಕಿತ್ತು. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಅದನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿತು. ಅಷ್ಟೇ ಹಣ 500ರಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ಉಬ್ಬಿತು. ಹೊಸ 100ರ ನೋಟಿನಲ್ಲಾದರೆ ಕೋಟಿಗೆ 94 ಲೀಟರ್.

ತೂಕವೂ ಇದೇ ದಾರಿಯದು. ನೋಟಿಗೆ ಸುಮಾರು ಒಂದು ಗ್ರಾಂ ಹಿಡಿದರೆ 500ರ ಕೋಟಿ 20 ಕಿಲೋ, ಒಬ್ಬ ಆಳಿನ ಹೊರೆ. 100ರ ಕೋಟಿ ಕ್ವಿಂಟಲ್ ಹತ್ತಿರ; ಅದನ್ನು ಎತ್ತಲು ಮೆಣಸಿನಕಾಯಿ ಚೀಲ ಹೊರುವ ಹಮಾಲರೇ ಬೇಕು.